ಲಂಚದ ಕೇಸ್ ನಡೆಸೋ ಪ್ರಾಸಿಕ್ಯೂಟರ್‌ಗಳ ಮೇಲುಸ್ತುವಾರಿ ನಿಮ್ಮ ಹೆಗಲಿಗೆ ಬಂದಾಗ

ಈ ಜವಾಬ್ದಾರಿ ಮೊದಲ ಸಲ ಕೈಗೆ ಬಂದವರು ಸಾಮಾನ್ಯವಾಗಿ ಒಂದು ಮೀಟಿಂಗ್ ಕರೀತಾರೆ, ಆಮೇಲೆ ತಿಂಗಳ ಸ್ಟೇಟ್‌ಮೆಂಟ್ ಕೇಳ್ತಾರೆ. ನಾನೂ ಹಾಗೇ ಮಾಡಿದ್ದೆ. ಒಬ್ಬ ಪಿಪಿಯ (ಪಬ್ಲಿಕ್ ಪ್ರಾಸಿಕ್ಯೂಟರ್) ಸ್ಟೇಟ್‌ಮೆಂಟ್‌ನಲ್ಲಿ ಒಂದು ಟ್ರ್ಯಾಪ್ ಕೇಸಿನ (ಲಂಚ ತಗೊಳ್ಳುವಾಗ ಬಲೆ ಬೀಸಿ ಹಿಡಿದ ಕೇಸ್) ಎದುರು ಎರಡು ವರ್ಷದಿಂದ "ಸಾಕ್ಷಿ ವಿಚಾರಣೆ ಹಂತ" ಅಂತಲೇ ಬರ್ತಿತ್ತು, ನಾನು ಸಹಿ ಹಾಕ್ತಾ ಹೋದೆ, ಒಂದು ದಿನ ಆರ್ಡರ್ ಶೀಟ್ (ಕೋರ್ಟ್ ದಿನದಿನ ಬರೆಯೋ ಆದೇಶದ ಹಾಳೆ) ತರಿಸಿ ಓದಿದಾಗ ಗೊತ್ತಾಯ್ತು, ದೂರುದಾರನಿಗೆ ಕಳಿಸಿದ ಸಮನ್ಸ್ ಏಳು ಸಲ ಅದೇ ಹಳೇ ವಿಳಾಸಕ್ಕೆ ಹೋಗಿ ವಾಪಸ್ ಬಂದಿದೆ, ಅವನು ಮನೆ ಬದಲಾಯಿಸಿ ಎಷ್ಟೋ ಕಾಲ ಆಗಿದೆ, ಹೊಸ ವಿಳಾಸ ತನಿಖಾಧಿಕಾರಿ ಹತ್ರ ಇತ್ತು, ಕೇಳಿದವರೇ ಇಲ್ಲ. ಅವತ್ತಿನಿಂದ ಸ್ಟೇಟ್‌ಮೆಂಟ್ ನೋಡಿ ಕೇಸ್ ಗೊತ್ತು ಅಂದ್ಕೊಳ್ಳೋದು ಬಿಟ್ಟೆ.

ಅದಕ್ಕೇ ಮೊದಲ ತಿಂಗಳು ಹೀಗೆ ಮಾಡಿ. ಮುಂದಿನ 30 ದಿನದಲ್ಲಿ ಸಾಕ್ಷಿಗೆ ಪೋಸ್ಟ್ ಆಗಿರೋ ಕೇಸ್‌ಗಳ ಪಟ್ಟಿ ತಗೊಳ್ಳಿ, ಆ ಫೈಲ್‌ಗಳನ್ನ ಮಾತ್ರ ತರಿಸಿ, ಕೇಸ್ ನಡೆಸೋ ಪಿಪಿ ಪಕ್ಕದಲ್ಲೇ ಕೂತಿರಲಿ, ದೂರಿನಿಂದ ಹಿಡಿದು ಕೊನೇ ಆರ್ಡರ್ ಶೀಟ್ ತನಕ ನೀವೇ ಓದಿ. ಒಂದು ಟ್ರ್ಯಾಪ್ ಫೈಲ್‌ಗೆ ಅರ್ಧ ದಿನ ಹಿಡಿಯುತ್ತೆ, ಹಿಡೀಲಿ. ಫೈಲ್ ಓದದೇ ಕೊಟ್ಟ ಸಲಹೆಯನ್ನ ಒಳ್ಳೇ ಲಾಯರ್ ಕೇಳಲ್ಲ, ಕೇಳಲೂಬಾರದು.

ಟ್ರ್ಯಾಪ್ ಫೈಲ್ ಓದುವಾಗ ಪಿಪಿಗೆ ನಾನು ಕೇಳೋ ಮೊದಲ ಪ್ರಶ್ನೆ ಒಂದೇ: ಲಂಚ ಕೇಳಿದ ಮಾತು ಈ ಫೈಲ್‌ನಲ್ಲಿ ಎಲ್ಲಿದೆ, ಕೋರ್ಟ್‌ನಲ್ಲಿ ಅದು ಯಾರ ಬಾಯಿಂದ ಬರುತ್ತೆ? ಯಾಕಂದ್ರೆ ಹೊಸಬರ ಕಣ್ಣೆಲ್ಲಾ ಬಣ್ಣದ ಮೇಲೇ ಇರುತ್ತೆ. ನೋಟಿಗೆ ಫಿನಾಫ್ತಲೀನ್ ಪುಡಿ ಹಚ್ಚಿರ್ತಾರೆ, ಆಪಾದಿತನ ಕೈಯನ್ನ ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆಸಿದಾಗ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತೆ, ಬಾಟಲಿ ಸೀಲ್ ಆಗಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಅಂದ್ರೆ ಎಫ್‌ಎಸ್‌ಎಲ್‌ಗೆ ಹೋಗುತ್ತೆ, ರಿಪೋರ್ಟ್ ಪಾಸಿಟಿವ್ ಬರುತ್ತೆ, ಕೇಸ್ ಗೆದ್ದ ಹಾಗೇ ಅನ್ನಿಸಿಬಿಡುತ್ತೆ. ಆ ಬಣ್ಣ ಹೇಳೋದು ಪುಡಿ ಕೈಗೆ ತಾಗಿದೆ ಅಂತ ಮಾತ್ರ. ಸಾಲ ವಾಪಸ್ ಕೊಟ್ಟ, ಬೇಡ ಅಂದ್ರೂ ಜೇಬಿಗೆ ತುರುಕಿದ, ನಾನಿಲ್ಲದಾಗ ಡ್ರಾಯರ್‌ನಲ್ಲಿ ಇಟ್ಟುಹೋದ, ಶೇಕ್‌ಹ್ಯಾಂಡ್ ಮಾಡಿದ, ಈ ನಾಲ್ಕರಲ್ಲಿ ಒಂದು ಡಿಫೆನ್ಸ್ ಬಂದೇ ಬರುತ್ತೆ, ಅದಕ್ಕೆ ಉತ್ತರ ಇರೋದು ಬೇಡಿಕೆಯ ಸಾಕ್ಷ್ಯದಲ್ಲೇ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 20ನೇ ಸೆಕ್ಷನ್‌ನಲ್ಲಿ ನಮ್ಮ ಪರ ಪೂರ್ವಭಾವನೆ (ತಪ್ಪು ಅಂತ ತೋರಿಸೋ ತನಕ ಕೋರ್ಟ್ ನಿಜ ಅಂತ ಇಟ್ಕೊಳ್ಳೋದು) ಇದೆ ನಿಜ, ಆದ್ರೆ ಬೇಡಿಕೆ ಮತ್ತು ಸ್ವೀಕಾರ ಎರಡನ್ನೂ ನಾವು ಸಾಬೀತು ಮಾಡಿದ ಮೇಲೇ ಅದು ಕೆಲಸಕ್ಕೆ ಬರೋದು.

ಪ್ರತಿ ಟ್ರ್ಯಾಪ್ ಕೇಸಿಗೂ ಒಂದೇ ಹಾಳೆಯ ನೋಟ್ ಬರೆಸಿ. ಮೊದಲ ಬೇಡಿಕೆ ಯಾವ ದಿನ, ಎಲ್ಲಿ, ದೂರಿನಲ್ಲಿ ಇರೋ ಅಕ್ಷರಶಃ ಮಾತು ಏನು, ರೆಕಾರ್ಡಿಂಗ್ ಇದ್ಯಾ, ಟ್ರ್ಯಾಪ್ ದಿನ ಮತ್ತೆ ಕೇಳಿದ್ನಾ, ಶ್ಯಾಡೋ ವಿಟ್ನೆಸ್ (ನೋಡೋಕೆ, ಕೇಳೋಕೆ ಅಂತ ದೂರುದಾರನ ಜೊತೆ ಕಳಿಸೋ ಸಾಕ್ಷಿ) ಅದನ್ನ ಕಿವಿಯಾರೆ ಕೇಳಿದ್ನಾ ಅಥವಾ ಬಾಗಿಲ ಹತ್ರ ನಿಂತು ದುಡ್ಡು ಕೈ ಬದಲಾಗಿದ್ದು ಮಾತ್ರ ನೋಡಿದ್ನಾ, ಆ ದಿನಕ್ಕೆ ದೂರುದಾರನ ಕೆಲಸ ಆಪಾದಿತನ ಟೇಬಲ್ ಮೇಲೆ ಬಾಕಿ ಇತ್ತು ಅಂತ ತೋರಿಸೋ ರಿಜಿಸ್ಟರ್ ಯಾವುದು. ಇದರಲ್ಲಿ ಕೊನೇದನ್ನ ತುಂಬಾ ಜನ ಮರೀತಾರೆ. ಫೈಲ್ ಎರಡು ದಿನ ಮುಂಚೆನೇ ಮೇಲಧಿಕಾರಿಗೆ ಹೋಗಿತ್ತು ಅಂತ ಡಿಫೆನ್ಸ್‌ನವರು ಮೂವ್‌ಮೆಂಟ್ ರಿಜಿಸ್ಟರ್ ತೋರಿಸಿದಾಗ ನಮ್ಮ ಪಿಪಿ ಅದನ್ನ ಮೊದಲ ಸಲ ನೋಡ್ತಿರ್ತಾನೆ, ಹಾಗೆ ಆಗಬಾರದು.

ದೂರುದಾರ ಉಲ್ಟಾ ಹೊಡೆದ್ರೆ ಕೇಸ್ ಮುಗೀತು ಅನ್ನೋ ನಂಬಿಕೆ ನಿಮ್ಮ ತಂಡದಲ್ಲಿ ಇದ್ರೆ ಅದನ್ನ ಮೊದಲು ತೆಗೀರಿ. 2022ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಸ್ಪಷ್ಟವಾಗಿ ಹೇಳಿದೆ, ದೂರುದಾರ ತೀರಿಕೊಂಡಿದ್ರೂ, ಪ್ರತಿಕೂಲ ಸಾಕ್ಷಿ ಆದ್ರೂ, ಬೇಡಿಕೆಯನ್ನ ಬೇರೆ ಸಾಕ್ಷಿಗಳಿಂದ, ಸಾಂದರ್ಭಿಕ ಸಾಕ್ಷ್ಯದಿಂದ ಸಾಬೀತು ಮಾಡಬಹುದು ಅಂತ. ಬೇಡಿಕೆ ಸಾಬೀತಾಗಲೇಬೇಕು ಅನ್ನೋದನ್ನ ಅದು ಸಡಿಲ ಮಾಡಿಲ್ಲ, ಸಾಬೀತು ಮಾಡೋ ದಾರಿಯನ್ನ ಅಗಲ ಮಾಡಿದೆ. ಹಾಗಾಗಿ ಹೋಸ್ಟೈಲ್ (ಪ್ರತಿಕೂಲ ಸಾಕ್ಷಿ) ಅಂತ ಘೋಷಿಸಿ ನಾಲ್ಕು ಸಜೆಶನ್ (ನಮ್ಮ ವಾದವನ್ನೇ ಮುಂದಿಟ್ಟು ಹೌದಲ್ವಾ ಅನ್ನೋ ಪ್ರಶ್ನೆ) ಹಾಕಿ, ಸಾಕ್ಷಿ "ಸುಳ್ಳು" ಅಂದಿದ್ದನ್ನ ಬರೆಸಿ ಕೂತ್ಕೊಳ್ಳೋ ಅಭ್ಯಾಸ ಬಿಡಿಸಿ. ದೂರಿನಲ್ಲಿರೋ ಸಹಿ ನಿಂದೇನಾ, ಠಾಣೆಗೆ ನೀನೇ ಹೋಗಿದ್ಯಾ, ದುಡ್ಡು ಎಲ್ಲಿಂದ ತಂದೆ, ಪಂಚರ (ಮಹಜರಿಗೆ ಕರೆಸಿದ ಸಾಕ್ಷಿಗಳ) ಎದುರು ನೋಟಿನ ನಂಬರ್ ಬರೆದ್ರಾ, ನಿನ್ನ ಅರ್ಜಿ ಆ ಕಚೇರೀಲಿ ಎಷ್ಟು ದಿನದಿಂದ ಇತ್ತು, ಆಪಾದಿತನ ಜೊತೆ ನಿನಗೆ ದ್ವೇಷ ಇತ್ತಾ, ಸಾಲ ಇತ್ತಾ, ಒಂದೊಂದೇ ಕೇಳಬೇಕು. ಪೂರ್ತಿ ತಿರುಗಿಬಿದ್ದ ಸಾಕ್ಷಿ ಕೂಡ ಇಂಥ ಹತ್ತು ಪ್ರಶ್ನೆ ಕೇಳಿದ್ರೆ ಆರನ್ನ ಒಪ್ಪಿಕೊಳ್ತಾನೆ, ಆ ಆರರ ಮೇಲೆ ಶ್ಯಾಡೋ ವಿಟ್ನೆಸ್ ಮಾತು ಬಂದು ಕೂತಾಗ ಕೇಸ್ ಗಟ್ಟಿಯಾಗಿ ನಿಲ್ಲುತ್ತೆ.

ಸಾಕ್ಷಿ ತಿರುಗಿಬೀಳೋದಕ್ಕೆ ದೊಡ್ಡ ಕಾರಣ ಮಧ್ಯದಲ್ಲಿ ಸಿಗೋ ಟೈಮ್. ಪಂಜಾಬಿನ ಒಂದು ಟ್ರ್ಯಾಪ್ ಕೇಸಲ್ಲಿ ಒಬ್ಬ ಮುಖ್ಯ ಸಾಕ್ಷಿಯ ಚೀಫ್ (ಸಾಕ್ಷಿಯನ್ನ ಕರೆಸಿದ ಕಡೆಯವರು ಮಾಡೋ ಮುಖ್ಯ ವಿಚಾರಣೆ) ಆಗಿ ಸುಮಾರು 20 ತಿಂಗಳಾದ ಮೇಲೆ ಪಾಟೀಸವಾಲು (ಕ್ರಾಸ್) ಆಗಿತ್ತು, 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಕಟುವಾಗಿ ಟೀಕಿಸಿದೆ, ಆ ತೀರ್ಪಿನ ಪ್ರತಿ ನಿಮ್ಮ ಪ್ರತಿ ಪಿಪಿಯ ಬ್ಯಾಗ್‌ನಲ್ಲಿ ಇರಲಿ. ಚೀಫ್ ಆದ ದಿನವೇ ಅಥವಾ ಮಾರನೇ ದಿನವೇ ಕ್ರಾಸ್ ಆಗಬೇಕು, ಡಿಫೆನ್ಸ್‌ನವರು ಟೈಮ್ ಕೇಳಿದ್ರೆ ಬಾಯಿಮಾತಿನ ಅಬ್ಜೆಕ್ಷನ್ ಸಾಲದು, ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 346ನೇ ಸೆಕ್ಷನ್ ಹೇಳಿ ಬರವಣಿಗೆಯಲ್ಲಿ ಹಾಕಬೇಕು, ಆರ್ಡರ್ ಶೀಟ್‌ನಲ್ಲಿ ಬರಬೇಕು. ನೀವು ಮೇಲುಸ್ತುವಾರಿಯವರು ನೋಡಬೇಕಾದ್ದು ಇದನ್ನೇ, ಯಾವ ಪಿಪಿ ಎಷ್ಟು ಸಲ ಅಬ್ಜೆಕ್ಷನ್ ಬರೆದುಕೊಟ್ಟ, ಎಷ್ಟು ಸಲ ಸುಮ್ಮನೆ "ನೋ ಅಬ್ಜೆಕ್ಷನ್" ಅಂದ. 2018ರ ತಿದ್ದುಪಡಿ ಆದ ಮೇಲೆ ಭ್ರಷ್ಟಾಚಾರ ತಡೆ ಕಾಯ್ದೆಯ 4ನೇ ಸೆಕ್ಷನ್ನೇ ಎರಡು ವರ್ಷದಲ್ಲಿ ವಿಚಾರಣೆ ಮುಗಿಸೋಕೆ ಪ್ರಯತ್ನಿಸಬೇಕು ಅನ್ನುತ್ತೆ, ಕಾರಣ ಬರೆದು ಆರಾರು ತಿಂಗಳು ಮುಂದಕ್ಕೆ ಹಾಕಬಹುದು, ಒಟ್ಟು ಸಾಮಾನ್ಯವಾಗಿ ನಾಲ್ಕು ವರ್ಷ ಮೀರಬಾರದು.

ಇನ್ನು ಸಾಕ್ಷಿಯನ್ನ ಕೋರ್ಟಿಗೆ ಮುಂಚೆ ಭೇಟಿ ಮಾಡೋ ವಿಷಯ. ಕೆಲವು ಪಿಪಿಗಳು ಹೆದರಿ ಭೇಟಿನೇ ಆಗಲ್ಲ, ಇನ್ನು ಕೆಲವರು ಉತ್ತರ ಬಾಯಿಪಾಠ ಮಾಡಿಸ್ತಾರೆ, ಎರಡೂ ತಪ್ಪು. ಅವನು ಹಿಂದೆ ಕೊಟ್ಟ ಹೇಳಿಕೆ ಓದೋಕೆ ಕೊಡಿ, ಕೋರ್ಟ್ ಹಾಲ್ ಹೇಗಿರುತ್ತೆ ಯಾರು ಎಲ್ಲಿ ಕೂತಿರ್ತಾರೆ ಹೇಳಿ, ನೆನಪಿಲ್ಲದ್ದನ್ನ ನೆನಪಿಲ್ಲ ಅನ್ನಬಹುದು ಅಂತ ಹೇಳಿ, ಅಲ್ಲಿಗೆ ನಿಲ್ಲಿಸಿ. ದೂರುದಾರರು ಈಗ ಕೇಳೋ ಇನ್ನೊಂದು ಪ್ರಶ್ನೆ ಇದೆ, ಲಂಚ ಕೊಟ್ಟಿದ್ದಕ್ಕೆ ನನ್ನ ಮೇಲೇ ಕೇಸ್ ಆಗುತ್ತಾ ಅಂತ. 2018ರ ನಂತರ ಕೊಡೋದೂ ಅಪರಾಧನೇ, ಆದ್ರೆ ಅದೇ ಕಾಯ್ದೆಯ 8ನೇ ಸೆಕ್ಷನ್‌ನಲ್ಲೇ ರಕ್ಷಣೆ ಇದೆ, ಬಲವಂತಕ್ಕೆ ಕೊಟ್ಟವನು ಏಳು ದಿನದೊಳಗೆ ತಿಳಿಸಿದ್ರೆ ಅವನಿಗೆ ಅನ್ವಯ ಆಗಲ್ಲ, ಮೊದಲೇ ಪೊಲೀಸರಿಗೆ ತಿಳಿಸಿ ಅವರಿಗೆ ನೆರವಾಗೋಕೆ ಅಂತ ಕೊಟ್ಟವನಿಗೂ ಅನ್ವಯ ಆಗಲ್ಲ. ಇದನ್ನ ಯಾರಾದ್ರೂ ಕೂರಿಸಿಕೊಂಡು ನಿಧಾನವಾಗಿ ಹೇಳಿದ್ರೆ ಎಷ್ಟೋ ಸಾಕ್ಷಿಗಳ ಮುಖದಲ್ಲಿ ಭಯ ಇಳಿಯೋದು ನಾನೇ ನೋಡಿದ್ದೀನಿ. ಪಂಚರು ಸಾಮಾನ್ಯವಾಗಿ ಬೇರೆ ಇಲಾಖೆಯ ನೌಕರರು, ವರ್ಗ ಆಗಿರ್ತಾರೆ, ರಿಟೈರ್ ಆಗಿರ್ತಾರೆ, ಅವರ ಈಗಿನ ವಿಳಾಸ ಮತ್ತು ಫೋನ್ ನಂಬರನ್ನ ಆರು ತಿಂಗಳಿಗೊಮ್ಮೆ ತನಿಖಾಧಿಕಾರಿಯಿಂದ ಹೊಸದಾಗಿ ತರಿಸ್ಕೊಳ್ಳಿ.

ರೆಕಾರ್ಡಿಂಗ್ ಇದ್ರೆ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಾದ ಸರ್ಟಿಫಿಕೇಟ್ ನೋಡಿ, ಇವತ್ತೇ ನೋಡಿ, ವಾದದ ದಿನ ನೋಡೋದಲ್ಲ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್, ಅದರ ನಮೂನೆಯಲ್ಲಿ ಎ ಮತ್ತು ಬಿ ಅಂತ ಎರಡು ಭಾಗ ಇದೆ, ಒಂದನ್ನ ಸಲ್ಲಿಸೋರು ತುಂಬಬೇಕು ಇನ್ನೊಂದನ್ನ ತಜ್ಞರು ತುಂಬಬೇಕು, ಹ್ಯಾಶ್ ವ್ಯಾಲ್ಯೂ (ಫೈಲ್ ಬದಲಾಗಿಲ್ಲ ಅಂತ ತೋರಿಸೋ ಸಂಕೇತ) ಬರೀಬೇಕು. ಹಳೇ ಕೇಸ್‌ಗಳಲ್ಲಿ ಹಿಂದಿನ ಸಾಕ್ಷ್ಯ ಕಾಯ್ದೆಯ 65ಬಿ. ಮೂಲ ಉಪಕರಣವನ್ನೇ ಹಾಜರುಪಡಿಸದೇ ಪ್ರತಿ ಕೊಡೋದಾದ್ರೆ ಆ ಸರ್ಟಿಫಿಕೇಟ್ ಇಲ್ಲದೇ ಆಗಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಖಚಿತ ಮಾಡಿದೆ, ವಿಚಾರಣೆ ಮುಗಿಯೋ ಮುಂಚೆ ತಂದುಕೊಡೋಕೆ ಅವಕಾಶ ಇದೆ ಅಂತಲೂ ಹೇಳಿದೆ, ಅಂದ್ರೆ ಬೇಗ ಕಂಡುಹಿಡಿದ್ರೆ ಸರಿ ಮಾಡಬಹುದು. ನಮ್ಮ ಒಂದು ಕೇಸಿನಲ್ಲಿ ಬೇಡಿಕೆ ಅಷ್ಟು ಸ್ಪಷ್ಟವಾಗಿ ರೆಕಾರ್ಡ್ ಆಗಿತ್ತು, ಮಹಜರಿನಲ್ಲಿ ವಾಯ್ಸ್ ರೆಕಾರ್ಡರ್‌ನ ಮೆಮೊರಿ ಕಾರ್ಡ್ ಅಂತ ಇತ್ತು, ಸರ್ಟಿಫಿಕೇಟ್‌ನಲ್ಲಿ ಸಿಡಿ ಬಗ್ಗೆ ಮಾತ್ರ ಇತ್ತು, ಕಾರ್ಡಿಂದ ಯಾವ ಕಂಪ್ಯೂಟರ್‌ಗೆ ಹೋಗಿ ಯಾರು ಸಿಡಿ ಮಾಡಿದ್ರು ಅನ್ನೋದಕ್ಕೆ ಒಂದು ಸಾಲೂ ಇರಲಿಲ್ಲ, ಕಾರ್ಡ್ ಎಲ್ಲಿದೆ ಅಂತ ಹುಡುಕೋ ಹೊತ್ತಿಗೆ ತಡ ಆಗಿತ್ತು. ಆ ಧ್ವನಿ ನಾನು ಕೇಳಿದ್ದೆ, ಇವತ್ತಿಗೂ ಕಿವೀಲಿದೆ. ಆದ್ದರಿಂದ ಚಾರ್ಜ್‌ಶೀಟ್ ಬಂದ ವಾರದಲ್ಲೇ ಒಬ್ಬರು ಕೂತು ಉಪಕರಣ, ಕಾರ್ಡ್, ಪ್ರತಿ, ಸೀಲು, ಪಿಎಫ್ ನಂಬರ್ (ವಶಪಡಿಸಿದ ವಸ್ತುಗಳ ಪಟ್ಟಿಯ ನಂಬರ್) ಎಲ್ಲಾ ತಾಳೆ ಹಾಕೋ ನಿಯಮ ಮಾಡಿ. ನಮ್ಮ ರಾಜ್ಯದಲ್ಲಿ ಇದು ಇನ್ನೂ ಮುಖ್ಯ, 2016ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಬಂತು, 2022ರ ಆಗಸ್ಟ್ 11ರಂದು ಹೈಕೋರ್ಟ್ ಅದನ್ನ ರದ್ದು ಮಾಡಿ ಕೇಸ್‌ಗಳೆಲ್ಲಾ ಲೋಕಾಯುಕ್ತ ಪೊಲೀಸರಿಗೆ ಹೋದ್ವು, ಆ ಕಾಲದ ಕೇಸ್ ಕೈಗೆ ಬಂದ್ರೆ ಮುದ್ದೆಮಾಲು (ಸಾಕ್ಷ್ಯಕ್ಕೆ ವಶಪಡಿಸಿದ ವಸ್ತು) ಎಲ್ಲಿಂದ ಎಲ್ಲಿಗೆ ಹೋಯ್ತು, ಯಾರ ಸಹಿಯಲ್ಲಿ ಹೋಯ್ತು ಅಂತ ಮೊದಲು ನೋಡಿ.

ಸ್ಯಾಂಕ್ಷನ್, ಅಂದ್ರೆ ಸರ್ಕಾರಿ ನೌಕರನ ಮೇಲೆ ಕೇಸ್ ನಡೆಸೋಕೆ ಬೇಕಾದ ಮಂಜೂರಾತಿ. ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಂಜೂರಾತಿ ಕೊಡಬೇಕಾದವರು ಆ ನೌಕರನನ್ನ ಹುದ್ದೆಯಿಂದ ತೆಗೆಯೋ ಅಧಿಕಾರ ಇರೋರು, ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು, ಕಾನೂನು ಸಲಹೆ ಬೇಕಿದ್ರೆ ಇನ್ನೊಂದು ತಿಂಗಳು. ಇಲ್ಲಿ ತಪ್ಪಾದ್ರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಕರ್ನಾಟಕದ ಕೇಸೇ ಇದೆ, ಗ್ರಾಮ ಪಂಚಾಯ್ತಿ ನೌಕರ, 1998ರಲ್ಲಿ 500 ರೂಪಾಯಿಯ ಟ್ರ್ಯಾಪ್, ಮಂಜೂರಾತಿ ಕೊಟ್ಟವರಿಗೆ ಆ ಅಧಿಕಾರವೇ ಇರಲಿಲ್ಲ ಅಂತ 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನ ಆಯ್ತು, ಇಷ್ಟು ವರ್ಷ ಕಳೆದ ಮೇಲೆ ಮತ್ತೆ ವಿಚಾರಣೆ ಮಾಡೋದು ಬೇಡ ಅಂತಲೂ ಹೇಳಿತು. ಹದಿನೇಳು ವರ್ಷದ ಕೆಲಸ. ಅದಕ್ಕೇ ಸೇವಾ ನಿಯಮ ತೆಗೆದು ಹುದ್ದೆಯಿಂದ ತೆಗೆಯೋ ಅಧಿಕಾರ ಯಾರದ್ದು ಅಂತ ಪಿಪಿ ಕೈಯಲ್ಲೇ ಬರೆಸಿ, ಆದೇಶದ ಭಾಷೆ ಚಾರ್ಜ್‌ಶೀಟ್‌ನ ನಕಲಿನ ಥರ ಇದ್ಯಾ ಅಥವಾ ದಾಖಲೆ ಓದಿ ಮನಸ್ಸಿಟ್ಟು ಬರೆದ ಥರ ಇದ್ಯಾ ನೋಡಿ, ಆ ಅಧಿಕಾರಿ ಸಾಕ್ಷಿ ಹೇಳೋಕೆ ಬರುವಾಗ ಮೂಲ ಫೈಲ್ ತರಬೇಕು ಅಂತ ಮುಂಚೆನೇ ತಿಳಿಸಿ. ಅದೇ ಕಾಯ್ದೆಯ 17ಎ ಬೇರೆ, ಅದು ನೌಕರ ತಗೊಂಡ ನಿರ್ಧಾರ ಅಥವಾ ಕೊಟ್ಟ ಶಿಫಾರಸಿನ ಬಗ್ಗೆ ತನಿಖೆ ಶುರು ಮಾಡೋ ಮುಂಚಿನ ಅನುಮತಿ, ಲಂಚ ತಗೊಳ್ಳುವಾಗ ಸ್ಥಳದಲ್ಲೇ ಹಿಡಿದ ಕೇಸಿಗೆ ಅದು ಬೇಕಿಲ್ಲ. ಎರಡನ್ನೂ ಗೊಂದಲ ಮಾಡ್ಕೊಳ್ಳೋ ಜೂನಿಯರ್‌ಗಳು ತುಂಬಾ ಜನ.

ಆದಾಯಕ್ಕಿಂತ ಹೆಚ್ಚು ಆಸ್ತಿಯ ಕೇಸ್ ಬೇರೆ ಥರದ್ದು, ಅದನ್ನ ಲೆಕ್ಕ ಇಷ್ಟ ಇರೋ ಪಿಪಿಗೇ ಕೊಡಿ. ಚೆಕ್ ಪೀರಿಯಡ್ (ಲೆಕ್ಕ ಹಾಕೋಕೆ ತಗೊಂಡ ಅವಧಿ) ಶುರುವಿನಲ್ಲಿ ಇದ್ದ ಆಸ್ತಿ 20 ಲಕ್ಷ, ಕೊನೆಯಲ್ಲಿ 95 ಲಕ್ಷ ಅಂತ ಇಟ್ಕೊಳ್ಳಿ, ಹೆಚ್ಚಾಗಿದ್ದು 75 ಲಕ್ಷ, ಆ ಅವಧಿಯ ಖರ್ಚು 30 ಲಕ್ಷ ಸೇರಿಸಿದ್ರೆ 105 ಲಕ್ಷ, ಗೊತ್ತಿರೋ ಆದಾಯ 70 ಲಕ್ಷ ಕಳೆದ್ರೆ 35 ಲಕ್ಷಕ್ಕೆ ಲೆಕ್ಕ ಇಲ್ಲ, ಅಂದ್ರೆ ಆದಾಯದ ಶೇಕಡಾ 50. ಶೇಕಡಾ 10ರ ಒಳಗಿದ್ರೆ ಕೋರ್ಟ್‌ಗಳು 1970ರ ದಶಕದ ಸುಪ್ರೀಂ ಕೋರ್ಟ್ ತೀರ್ಪಿನಿಂದ ಇತ್ತೀಚಿನವರೆಗೂ ಆಪಾದಿತನಿಗೆ ಲಾಭ ಕೊಟ್ಟಿವೆ. ತಪ್ಪು ಎಲ್ಲಿ ಆಗುತ್ತೆ ಅಂದ್ರೆ, ಮನೆಯ ಪೂರ್ತಿ ಬೆಲೆಯನ್ನ ಆಸ್ತಿಗೆ ಹಾಕಿರ್ತಾರೆ, ಕಟ್ಟಿದ ಕಂತನ್ನ ಖರ್ಚಿಗೆ ಹಾಕಿರ್ತಾರೆ, ಬ್ಯಾಂಕಿಂದ ಬಂದ ಸಾಲದ ಮೊತ್ತವನ್ನ ಆದಾಯದ ಕಡೆ ಹಾಕಿರಲ್ಲ. ಇದು ಬರೀ ಲೆಕ್ಕದ ತಪ್ಪಲ್ಲ, ಒಬ್ಬ ಮನುಷ್ಯನಿಗೆ ಮಾಡೋ ಅನ್ಯಾಯ, ಅದನ್ನ ಡಿಫೆನ್ಸ್‌ನವರು ಹೇಳೋ ತನಕ ಕಾಯದೇ ನಮ್ಮ ಪಿಪಿನೇ ಸರಿ ಮಾಡಿ ಕೋರ್ಟಿಗೆ ಹೇಳಬೇಕು. ಸಾಬೀತು ಮಾಡೋಕಾಗದ ಐಟಂ ಬಿಟ್ಟುಬಿಡಿ, ಉಳಿದ ಲೆಕ್ಕಕ್ಕೆ ತೂಕ ಬರುತ್ತೆ. ನಾವು ಅವಲಂಬಿಸದ ಹೇಳಿಕೆ ಮತ್ತು ದಾಖಲೆಗಳ ಪಟ್ಟಿಯನ್ನೂ ಆಪಾದಿತನಿಗೆ ಕೊಡಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆ ಪಟ್ಟಿ ತಯಾರಾಗಿದ್ಯಾ ಅಂತ ನೀವು ಕೇಳ್ಬೇಕು, ಪಿಪಿ ಮರೆತಿದ್ರೆ ನಿಮ್ಮದೂ ತಪ್ಪು.

ಈಗ ಒತ್ತಡದ ವಿಷಯ, ಇದರ ಬಗ್ಗೆ ಯಾರೂ ಬಾಯಿಬಿಟ್ಟು ಮಾತಾಡಲ್ಲ. ಲಂಚದ ಕೇಸಲ್ಲಿ ಆಪಾದಿತ ಅಧಿಕಾರದಲ್ಲಿ ಇದ್ದವನು, ಅವನ ಬ್ಯಾಚಿನವರು ಇನ್ನೂ ಅಲ್ಲಲ್ಲಿ ಕೂತಿರ್ತಾರೆ, ಫೋನ್ ಬರುತ್ತೆ, ಬೆದರಿಕೆ ಥರ ಬರೋದು ಕಮ್ಮಿ, "ಪಾಪ ಒಳ್ಳೇ ಮನುಷ್ಯ, ಸ್ವಲ್ಪ ನೋಡಿ" ಅಂತ ಬರುತ್ತೆ. ನನ್ನ ತಂಡದಲ್ಲಿ ನಿಯಮ ಇದಾಗಿತ್ತು: ಕೇಸಿನ ಬಗ್ಗೆ ಹೊರಗಿನವರು ಯಾರೇ ಮಾತಾಡಿದ್ರೂ ಪಿಪಿ ಒಂದೇ ಮಾತು ಹೇಳ್ಬೇಕು, "ನಮ್ಮ ಮೇಲಿನವರ ಹತ್ರ ಮಾತಾಡಿ ಸರ್", ಅದೇ ದಿನ ಹೆಸರು, ಟೈಮ್, ಏನ್ ಹೇಳಿದ್ರು ಅಂತ ಎರಡು ಸಾಲು ಬರೆದು ನನಗೆ ಕೊಡ್ಬೇಕು. ಒಬ್ಬಳು ಪಿಪಿ, ಸರ್ವಿಸ್‌ಗೆ ಬಂದು ಮೂರೇ ವರ್ಷ ಆಗಿತ್ತು, ಇಂಥ ಚೀಟಿ ತಂದು ಟೇಬಲ್ ಮೇಲೆ ಇಟ್ಟು ನಿಂತ್ಕೊಂಡ್ಲು, ಕೈ ನಡುಗ್ತಿತ್ತು, ಫೋನ್ ಮಾಡಿದವರು ಅಷ್ಟು ದೊಡ್ಡವರು. ನಾನು ಅವಳ ಎದುರಿಗೇ ಆ ನಂಬರ್‌ಗೆ ಫೋನ್ ಮಾಡಿ, ಈ ಕೇಸಿನ ಬಗ್ಗೆ ಏನಿದ್ರೂ ನನಗೆ ಬರವಣಿಗೆಯಲ್ಲಿ ಕಳಿಸಿ ಅಂದೆ. ಯಾವ ಕಾಗದವೂ ಬರಲಿಲ್ಲ. ಅವಳು ಆ ಕೇಸನ್ನ ಕೊನೇ ತನಕ ನಡೆಸಿದಳು. ತಂಡ ನೋಡೋದು ಇದನ್ನೇ, ಫೋನ್ ಬಂದಾಗ ನೀವು ಮುಂದೆ ನಿಲ್ತೀರಾ ಅಥವಾ ನೀನೇ ನೋಡ್ಕೋ ಅಂತೀರಾ.

ನಿಮ್ಮ ಕಡೆಯಿಂದಲೂ ಅದೇ ಶಿಸ್ತು ಇರಲಿ. ಕೇಸ್ ಹೇಗೆ ಮುಗೀಬೇಕು ಅಂತ ಬಾಯಿಮಾತಲ್ಲಿ ಯಾವತ್ತೂ ಹೇಳ್ಬೇಡಿ, ಅಭಿಪ್ರಾಯ ಇದ್ರೆ ಕಾರಣ ಸಮೇತ ಬರೆದುಕೊಡಿ. ಕೇಸ್ ಹಿಂದಕ್ಕೆ ಪಡೆಯೋ ಪ್ರಸ್ತಾಪ ಬಂದ್ರೆ, ಬಿಎನ್‌ಎಸ್‌ಎಸ್ 360ರಲ್ಲಿ ಆ ಅಧಿಕಾರ ಪಿಪಿಯದ್ದು, ಕೋರ್ಟಿನ ಒಪ್ಪಿಗೆ ಬೇಕು, ಸರ್ಕಾರ ಸೂಚಿಸಬಹುದು ಆದ್ರೆ ಪಿಪಿ ಸ್ವಂತ ಬುದ್ಧಿಯಿಂದ ತೀರ್ಮಾನಿಸಬೇಕು, ಆ ಸ್ವಂತ ಬುದ್ಧಿಯನ್ನ ಕಾಯೋದು ನಿಮ್ಮ ಕೆಲಸ. ಪೊಲೀಸರ ಜೊತೆಗೂ ಒಂದು ಗೆರೆ ಬೇಕು. ಚಾರ್ಜ್‌ಶೀಟ್ ಪರಿಶೀಲಿಸಿ ಎಲ್ಲಿ ತೂತಿದೆ ಅಂತ ಬರವಣಿಗೆಯಲ್ಲಿ ತಿಳಿಸಬಹುದು, ಬಿಎನ್‌ಎಸ್‌ಎಸ್ 20ರಲ್ಲಿ ಪ್ರಾಸಿಕ್ಯೂಶನ್ ಡೆಪ್ಯುಟಿ ಡೈರೆಕ್ಟರ್‌ಗೆ ಪೊಲೀಸ್ ವರದಿ ಪರಿಶೀಲಿಸೋ ಕೆಲಸ ಕೊಟ್ಟಿದ್ದಾರೆ, ಆದ್ರೆ ತನಿಖೆ ಯಾವ ಕಡೆ ಹೋಗಬೇಕು, ಯಾರ ಮೇಲೆ ಚಾರ್ಜ್‌ಶೀಟ್ ಹಾಕಬೇಕು ಅಂತ ಪಿಪಿ ಹೇಳೋ ಹಾಗಿಲ್ಲ, 2000ದಲ್ಲೇ ಸುಪ್ರೀಂ ಕೋರ್ಟ್ ತನಿಖೆ ಬೇರೆ ಪ್ರಾಸಿಕ್ಯೂಶನ್ ಬೇರೆ ಅಂತ ಗಟ್ಟಿಯಾಗಿ ಹೇಳಿದೆ. ಪೊಲೀಸ್ ಠಾಣೆಯಲ್ಲೇ ಕೂತು ಕೇಸ್ ಕಟ್ಟೋ ಪಿಪಿ ಎಷ್ಟೇ ಉತ್ಸಾಹಿ ಆಗಿರಲಿ, ಅವನನ್ನ ವಾಪಸ್ ಕರೀರಿ.

ಖಾಸಗಿ ಪ್ರಾಕ್ಟೀಸ್ ಇರೋ ಲಾಯರ್‌ಗಳನ್ನ ಸ್ಪೆಷಲ್ ಪಿಪಿ ಮಾಡಿದ್ರೆ, ಕೇಸ್ ಕೊಡೋ ಮುಂಚೆ ಆಪಾದಿತನಿಗೋ ಅವನ ಮನೆಯವರಿಗೋ ಹಿಂದೆ ವಕಾಲತ್ತು ಹಾಕಿದ್ರಾ ಅಂತ ಬರವಣಿಗೆಯಲ್ಲಿ ಕೇಳಿ. ಮುಜುಗರ ಆಗುತ್ತೆ, ಆಗಲಿ.

ಖುಲಾಸೆ ಆದ ಕೇಸಿನ ತೀರ್ಪನ್ನ ಒಂದು ವಾರದಲ್ಲಿ ತಂಡ ಪೂರ್ತಿ ಕೂತು ಓದಿ. ಬೈಯೋಕೆ ಕೂರಬೇಡಿ, ಬೈದ್ರೆ ಮುಂದಿನ ಸಲ ತಪ್ಪು ಮುಚ್ಚಿಡ್ತಾರೆ. ಯಾವ ಸಾಕ್ಷಿಯ ಯಾವ ಉತ್ತರದಲ್ಲಿ ಕೇಸ್ ಕೈಬಿಟ್ಟಿತು, ಆ ಪ್ರಶ್ನೆ ನಾವು ಕೇಳಿದ್ವಾ, ಆ ದಾಖಲೆ ಕೋರ್ಟಿನಲ್ಲಿ ನಿಶಾನೆ (ನಂಬರ್ ಹಾಕಿ ಗುರುತು) ಆಯ್ತಾ ಅಂತ ನೋಡಿ. ಸರ್ಕಾರದ ಮೇಲ್ಮನವಿಗೆ 90 ದಿನ ಇದೆ, ಅದರಲ್ಲಿ ಸರ್ಟಿಫೈಡ್ ಕಾಪಿ, ಅಭಿಪ್ರಾಯ, ಇಲಾಖೆಯ ಟಿಪ್ಪಣಿ, ಆದೇಶ ಎಲ್ಲಾ ಆಗಬೇಕು, ಹಾಗಾಗಿ ತೀರ್ಪು ಬಂದ ದಿನವೇ ಕಾಪಿ ಅರ್ಜಿ ಹಾಕಿಸಿ, ಪಿಪಿಯ ಅಭಿಪ್ರಾಯ 15 ದಿನದಲ್ಲಿ ನಿಮ್ಮ ಟೇಬಲ್‌ಗೆ ಬರಲಿ. ತೀರ್ಪು ಸರಿ ಇದೆ ಅನ್ನಿಸಿದ್ರೆ ಮೇಲ್ಮನವಿ ಬೇಡ ಅಂತ ಬರೆಯೋ ಧೈರ್ಯವೂ ಅವರಿಗಿರಲಿ.

ವರ್ಗಾವಣೆ ಬಂದಾಗ ನಾನು ಒಂದು ವಿಷಯದಲ್ಲಿ ಬಿಗಿ. ಹೋಗೋ ಪಿಪಿ ಪ್ರತಿ ನಡೀತಿರೋ ಕೇಸಿಗೆ ಒಂದು ಪುಟ ಬರೆದು ಸಹಿ ಹಾಕಿ ಕೊಡಬೇಕು: ಯಾವ ಸಾಕ್ಷಿ ಆಗಿದೆ, ಯಾರು ಬಾಕಿ, ಬಾಕಿ ಇರೋರಲ್ಲಿ ಯಾರು ಹೆದರಿದ್ದಾರೆ, ಯಾವ ಮುದ್ದೆಮಾಲು ಇನ್ನೂ ಗುರುತು ಆಗಿಲ್ಲ, ಡಿಫೆನ್ಸ್ ಯಾವ ಕಡೆ ಹೋಗ್ತಿದೆ. ಬರೋ ಪಿಪಿ ಅದನ್ನ ಓದಿ ಅದೇ ಪುಟದ ಕೆಳಗೆ ಸಹಿ ಹಾಕಬೇಕು, ಆಮೇಲೇ ರಿಲೀವಿಂಗ್ ಪತ್ರಕ್ಕೆ ನನ್ನ ಸಹಿ.